ಹಗ್ಗ ಹಿಡಿದವರು

ನನ್ನ ಅಣ್ಣ ಒಂದು ಕತೆ ಹೇಳುತ್ತಾನೆ. ಮದುವೆ ಮನೆಯಲ್ಲಿ ಎಲೆ ಹಾಕುವ ಮುಂಚೆ ಹೇಳುತ್ತಾನೆ, ಸೀಮಂತದಲ್ಲಿ ಹೇಳುತ್ತಾನೆ, ಒಂದು ಸಲ ಸಾವಿನ ಮನೆಯ ಜಗಲಿಯಲ್ಲೂ ಹೇಳಿದ. "ನಮ್ಮ ಅಮ್ಮಣಿ ಕಡಲಲ್ಲಿ ಮುಳುಗಿದ್ದು ಗೊತ್ತಾ?" ಅಂತ ಶುರು. ನಮ್ಮ ಕೊಯಮತ್ತೂರಿನ ಕಡೆ ತಂಗಿಯನ್ನು ಅಮ್ಮಣಿ ಅಂತ ಕರೆಯುವುದು ವಾಡಿಕೆ, ಐವತ್ತಾರು ತುಂಬಿದ ತಂಗಿಯನ್ನೂ. "ನಾನು ಹಗ್ಗ ಹಿಡಿದಿದ್ದೆನಲ್ಲ, ಅದಕ್ಕೆ ಬದುಕಿದಳು" ಅಂತ ಮುಗಿಸುತ್ತಾನೆ. ಕೇಳಿದವರು ನನ್ನ ಕಡೆ ತಿರುಗಿ ನಗುತ್ತಾರೆ. ನಾನೂ ಎರಡು ಸಲ ನಕ್ಕೆ. ಮೂರನೇ ಸಲ ನಗು ಬರಲಿಲ್ಲ, ಕೆಟ್ಟ ಕೋಪ ಬಂತು. ಆ ಕೋಪ ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಅವನು ಹೇಳುವುದು ಅರ್ಧ ಕತೆ. ಆ ಅರ್ಧವೂ ಸುಳ್ಳು.

ನಮ್ಮದು ಮೆಟ್ಟುಪಾಳ್ಯಂ ದಾಟಿದ ಮೇಲೆ ಭವಾನಿ ಹೊಳೆಯ ದಡದಲ್ಲಿರುವ ನೇಕಾರರ ಕೇರಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನನಗೆ ಈ ಮಾತು ಬಂದದ್ದು ಅಜ್ಜಿಯ ಬಾಯಿಂದ, ಬೈಗುಳ ಸಮೇತ. ಅಕ್ಷರ ಬಂದದ್ದು ಮಾತ್ರ ಮೊನ್ನೆ ಮೊನ್ನೆ, ದಾವಣಗೆರೆ ಕಡೆಯ ಹುಡುಗ ಅಳಿಯನಾಗಿ ಬಂದ ಮೇಲೆ. ಅವನು ಕೊಯಮತ್ತೂರಿನ ಪೀಳಮೇಡಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ನಾನು ಮಾತಾಡುವ ಕನ್ನಡ ಕೇಳಿ ಮೊದಮೊದಲು ಅವನಿಗೆ ಕೆಮ್ಮು ಬರುತ್ತಿತ್ತು. ನಗು ನುಂಗುವ ಕೆಮ್ಮು ಯಾವುದು ಅಂತ ನನಗೆ ಗೊತ್ತಾಗುವುದಿಲ್ಲವೇ? ಆದರೂ ಒಳ್ಳೆಯ ಹುಡುಗ. ಭಾನುವಾರ ಭಾನುವಾರ ಕೂತು ಕಾಗುಣಿತ ತಿದ್ದಿಸಿದ.

ಅಜ್ಜನ ಹತ್ತಿರ ಒಂದು ಪರಿಸಲು ಇತ್ತು. ಅಳಿಯ ಅದನ್ನು ಹರಿಗೋಲು ಅನ್ನುತ್ತಾನೆ. ಬಿದಿರಿನ ಸೀಳಿನಿಂದ ಹೆಣೆದ ಗುಂಡನೆಯ ದೊಡ್ಡ ಬುಟ್ಟಿ, ಹೊರಗೆ ಡಾಂಬರು. ನೂಲು ತರಲು, ನೇಯ್ದ ಸೀರೆ ಕೊಡಲು ಅಜ್ಜ ಅದರಲ್ಲಿ ಹೊಳೆ ದಾಟುತ್ತಿದ್ದ. ನನಗೆ ಎಂಟು ವರ್ಷಕ್ಕೆ ಹುಟ್ಟು ಹಾಕುವುದು ಕಲಿಸಿದ. ಗುಂಡನೆಯ ದೋಣಿಗೆ ಮುಂದು ಹಿಂದು ಇಲ್ಲ. ಹುಟ್ಟನ್ನು ಎದುರಿಗೆ ಹಾಕಿ ನೀರನ್ನು ನಮ್ಮ ಕಡೆಗೆ ಎಳೆದುಕೊಳ್ಳಬೇಕು, ಎಡಕ್ಕೊಂದು ಬಲಕ್ಕೊಂದು. ತಪ್ಪಿದರೆ ಗಿರಗಿರ ತಿರುಗುತ್ತದೆ. ಹತ್ತು ವರ್ಷಕ್ಕೆಲ್ಲ ನಾನು ಒಬ್ಬಳೇ ಆ ದಡಕ್ಕೆ ಹೋಗಿ ಬರುತ್ತಿದ್ದೆ. ಈಜು ಹೇಗೆ ಬಂತೋ ನೆನಪಿಲ್ಲ. ಹೊಳೆ ದಡದ ಮಕ್ಕಳಿಗೆ ಅದು ಹೇಗೋ ಬಂದುಬಿಡುತ್ತದೆ.

ಹದಿಮೂರಕ್ಕೆ ದೊಡ್ಡವಳಾದೆ. ಹನ್ನೊಂದು ದಿನ ಮೂಲೆಯಲ್ಲಿ ಕೂರಿಸಿ, ಹನ್ನೆರಡನೇ ದಿನ ಎಣ್ಣೆ ನೀರು ಹಾಕಿ ಹೊರಗೆ ಬಿಟ್ಟರು. ಸೀದಾ ಹೊಳೆಗೆ ಓಡೋಣ ಅಂತ ಹುಟ್ಟು ಹುಡುಕಿದರೆ ಅದು ಅಟ್ಟದ ಮೇಲಿತ್ತು. ನನಗಿಂತ ಮೂರು ವರ್ಷಕ್ಕೆ ದೊಡ್ಡವನಾದ ಅಣ್ಣ ಅಲ್ಲೇ ನಿಂತಿದ್ದ.

"ಇನ್ನು ನೀನು ಹೊಳೆಗೆ ಹೋಗೋದು ಬೇಡ ಅಮ್ಮಣಿ. ನಾನು ನೋಡ್ಕೋತೀನಿ."

ಏನು ನೋಡಿಕೊಂಡ? ಒಂದು ದಿನ ಆ ಪರಿಸಲಿಗೆ ಕಾಲಿಡಲಿಲ್ಲ. ಅಜ್ಜ ಹೋದ ಮೇಲೆ ಅದು ಹಿತ್ತಲಿನಲ್ಲಿ ಬಿದ್ದುಕೊಂಡಿತು. ಅದರಲ್ಲಿ ಕೋಳಿ ಮೊಟ್ಟೆ ಇಟ್ಟಿತು, ಬಿದಿರಿಗೆ ಹುಳು ಬಿತ್ತು, ಕೊನೆಗೆ ಒಲೆಗೆ ಹೋಯಿತು. ಕಿತ್ತುಕೊಂಡದ್ದನ್ನು ನಾನು ಹೇಗೋ ತಡೆದುಕೊಂಡೆ. ಕಿತ್ತುಕೊಂಡು ಸುಮ್ಮನೆ ಕೊಳೆಸಿದನಲ್ಲ, ಅದನ್ನು ಇವತ್ತಿಗೂ ತಡೆದುಕೊಳ್ಳಲು ಆಗುವುದಿಲ್ಲ.

ನಲವತ್ತು ವರ್ಷ ಗುಂಡಿ ಮಗ್ಗದಲ್ಲಿ ಕಾಲಿಟ್ಟು ಕೂತೆ. ಹೋದ ವರ್ಷ ಮಂಡಿ ಕೈಕೊಟ್ಟಿತು. ಗುಂಡಿಗೆ ಇಳಿದರೆ ಹತ್ತಲು ಆಗುವುದಿಲ್ಲ, ಕೈ ಮಾತ್ರ ಸುಮ್ಮನೆ ಕೂರುವುದಿಲ್ಲ. ಹೊಳೆ ದಡದಲ್ಲಿ ಇನ್ನೂ ಪರಿಸಲು ಕಟ್ಟುವ ಮುದುಕನೊಬ್ಬನಿದ್ದಾನೆ. ಅವನ ಹತ್ತಿರ ಹೋಗಿ, "ನೀನು ಬಿದಿರು ಸೀಳಿಕೊಡು, ಹೆಣೆಯೋದು ನಾನು" ಅಂದೆ. ಅವನು ನನ್ನ ಬೆರಳು ನೋಡಿದ, ಸರಿ ಅಂದ. ಒಂದು ತಿಂಗಳು ಹೆಣೆದೆ. ಗೊಬ್ಬರದ ಖಾಲಿ ಚೀಲಗಳನ್ನು ದಬ್ಬಣದಿಂದ ಜೋಡಿಸಿ ಹೊಲಿದೆ, ಹೊರಗೆ ಹೊದಿಸಿ ಡಾಂಬರು ಬಳಿದೆ. ಇಬ್ಬರು ಕೂರುವಷ್ಟು ಅಗಲ. ನೇಯ್ಗೆಯವಳು ಹೆಣೆದ ಪರಿಸಲು, ಒಂದು ಸೀಳೂ ಓರೆಯಾಗಿರಲಿಲ್ಲ. ಹೊಳೆಯಲ್ಲಿ ಬಿಟ್ಟು ನೋಡಿದೆ, ಸೋರಲಿಲ್ಲ.

ಅದನ್ನು ಕಂಡು ಅಳಿಯನೇ ಆಸೆ ಹುಟ್ಟಿಸಿದ್ದು. "ಅತ್ತೆ, ಇದನ್ನ ಕಡಲಿಗೆ ತಗೊಂಡು ಹೋಗೋಣ. ದಡದಲ್ಲೇ ಟೆಂಟ್ ಹಾಕೋಣ. ಮೂರು ದಿನ."

ಕಡಲು! ನಾನು ಅಲ್ಲಿಯವರೆಗೆ ಕಡಲನ್ನು ನೋಡಿದ್ದು ಒಂದೇ ಸಲ, ತೀರ್ಥಸ್ನಾನಕ್ಕೆ ಹೋದಾಗ, ಅದೂ ನೂರು ಜನರ ಬೆನ್ನಿನ ಹಿಂದಿನಿಂದ. ಆವತ್ತು ರಾತ್ರಿಯೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ನಾನು ಹೆಣೆದ ಪರಿಸಲಿನಲ್ಲಿ ನಾನೇ ಹುಟ್ಟು ಹಾಕಿಕೊಂಡು ಕಡಲಿನ ಮೇಲೆ ಒಂದು ಸುತ್ತು ಬರಬೇಕು. ಬೇರೆ ಏನೂ ಕೇಳಲಿಲ್ಲ ನಾನು.

ಹೊರಟವರು ಆರು ಜನ. ಅಳಿಯ, ಮಗಳು, ನಾನು, ನಮ್ಮವರು, ಅಣ್ಣ, ಅತ್ತಿಗೆ. ಅಣ್ಣನನ್ನು ಕರೆದದ್ದು ನಮ್ಮವರು. "ದೊಡ್ಡವರು ಇಲ್ದೆ ಹೇಗೆ ಹೋಗೋದು?" ಅಂದರು. ನಮ್ಮವರು ಸಾಧು ಮನುಷ್ಯ, ಯಾರ ಮಾತಿಗೂ ಎದುರು ಹೇಳುವವರಲ್ಲ. ಅಂಥ ಸಾಧು ಗುಣ ಎಷ್ಟು ಉರಿ ಹತ್ತಿಸುತ್ತದೆ ಅಂತ ಕಟ್ಟಿಕೊಂಡವಳಿಗೇ ಗೊತ್ತು.

ಅಳಿಯನೇ ಓಡಿಸುವ ಬಾಡಿಗೆ ವ್ಯಾನಿನ ನೆತ್ತಿಯ ಮೇಲೆ ಪರಿಸಲನ್ನು ಮಗುಚಿ ಕಟ್ಟಿದೆವು. ಕಟ್ಟಿದ ಹಗ್ಗ ಅಣ್ಣನದು, ಪಾವಿನ ಹಗ್ಗ. ಪಾವು ಅಂದರೆ ಸೀರೆಯ ಉದ್ದದ ನೂಲಿನ ಹಾಸು. ಬೆಳಗಿನ ಜಾವ ಅದನ್ನು ಬೀದಿಯುದ್ದಕ್ಕೂ ಹಾಸಿ, ಗಂಜಿ ಹಚ್ಚಿ, ಬ್ರಷ್ಷಿನಿಂದ ನೀವಿ, ಬಿಸಿಲು ಏರುವ ಮುಂಚೆ ಒಣಗಿಸಬೇಕು. ತುದಿಯ ಹಗ್ಗವನ್ನು ಜಗ್ಗಿ ಹಿಡಿಯುವವನು ಕೇರಿಯಲ್ಲಿ ಯಾವಾಗಲೂ ನಮ್ಮ ಅಣ್ಣ. ಹಗ್ಗ ಒಂದು ಗೇಣು ಸಡಿಲವಾದರೂ ಹಾಸು ಜೋಲುತ್ತದೆ, ಹಸಿ ನೂಲು ಒಂದಕ್ಕೊಂದು ಅಂಟಿ ಇಡೀ ಪಾವು ಹಾಳು. ಅದಕ್ಕೆ ಆ ತುದಿಯಿಂದ ಯಾರಾದರೂ ಕೂಗಿದರೆ ಸಾಕು, ಏನು ಎತ್ತ ಕೇಳುವ ಹಾಗಿಲ್ಲ, ಈ ತುದಿಯವರೆಲ್ಲ ಇನ್ನಷ್ಟು ಬಿಗಿಯಾಗಿ ಜಗ್ಗುವುದು. ನಡೆಯಲು ಬಂದ ಮಕ್ಕಳಿಂದ ಹಿಡಿದು ನಮಗೆಲ್ಲ ಕೈಗೆ ಅದೇ ಅಭ್ಯಾಸ. ಇದನ್ನು ನೆನಪಿಟ್ಟುಕೊಳ್ಳಿ.

ಅವಿನಾಶಿ, ತಿರುಪ್ಪೂರು ದಾಟಿ ಪಲ್ಲಡದಲ್ಲಿ ಟೀಗೆ ನಿಲ್ಲಿಸಿದೆವು. ಪಲ್ಲಡ ಅಂದರೆ ಕೋಳಿ ಫಾರಂಗಳ ಊರು. ಟೀ ಅಂಗಡಿಯವನು ವ್ಯಾನಿನ ನೆತ್ತಿ ನೋಡಿ, "ಇಷ್ಟು ದೊಡ್ಡ ಪಂಜರದಲ್ಲಿ ಎಂಥ ಕೋಳಿ ಸಾಕ್ತೀರಿ?" ಅಂತ ಕೇಳಿದ.

ಅಣ್ಣ ನನ್ನ ಕಡೆ ಗದ್ದ ತೋರಿಸಿದ. "ಕೋಳಿ ಒಳಗೇ ಕೂತಿದೆ. ಕಡಲು ಈಜುತ್ತಂತೆ."

ಎಲ್ಲರೂ ನಕ್ಕರು, ನಮ್ಮವರು ಸಹ. ಅತ್ತಿಗೆ ಮಾತ್ರ ಟೀ ಲೋಟದೊಳಗೆ ನೋಡುತ್ತಿದ್ದಳು. ಅತ್ತಿಗೆ ಮಾತು ಕಡಿಮೆಯವಳು. ಮದುವೆಯಾಗಿ ಬಂದು ಮೂವತ್ತೈದು ವರ್ಷವಾಯಿತು, ಅಣ್ಣನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಧಾರಾಪುರ, ದಿಂಡುಕ್ಕಲ್, ಮದುರೈ ದಾಟಿ ರಾಮನಾಥಪುರದ ಆಚೆಯ ಕಡಲ ದಡ ಸೇರುವಾಗ ಸಂಜೆ ನಾಲ್ಕು. ತಾಳೆಮರದ ತೋಪು, ಬಿಳಿ ಮರಳು, ಎದುರಿಗೆ ಕಡಲು. ತೋಪಿನ ಪಕ್ಕದ ಮೀನುಗಾರರ ಮನೆಯವರನ್ನು ಕೇಳಿ ಟೆಂಟ್ ಹೊಡೆದೆವು. ಪರಿಸಲು ಇಳಿಸಿದ ಕೂಡಲೇ ನಾನು ಸೆರಗು ಸಿಕ್ಕಿಸಿದೆ.

"ಮೊದಲು ಅಳಿಯಂದಿರು" ಅಂದ ಅಣ್ಣ.

ಅಳಿಯ ದಡದ ಮೊಣಕಾಲು ನೀರಿನಲ್ಲಿ ಪರಿಸಲಿನೊಳಗೆ ಕೂತು ಹುಟ್ಟು ಹಾಕಿದ. ರುಬ್ಬುವ ಗುಂಡಿನ ಹಾಗೆ ಇದ್ದಲ್ಲೇ ತಿರುಗಿದ, ತಲೆ ಸುತ್ತಿ ಇಳಿದ. "ಅತ್ತೆ, ನಿಮಗೇ ಬರೋದು ಇದು, ನೀವು ಬನ್ನಿ" ಅಂದ. ನಾನು ಎರಡು ಹೆಜ್ಜೆ ಇಟ್ಟಿದ್ದೆ.

"ನಾಳೆ ನೋಡೋಣ ಅಮ್ಮಣಿ. ಹೊತ್ತು ಇಳೀತಾ ಇದೆ, ಒಲೆ ಹಚ್ಚು."

ಒಲೆ ಹಚ್ಚಿದೆ. ಕಡಲಿಗೆ ಬೆನ್ನು ಹಾಕಿ ಕೂತು, ಮರಳು ಬೀಳದ ಹಾಗೆ ಸೆರಗು ಅಡ್ಡ ಹಿಡಿದು, ಆರು ಜನಕ್ಕೆ ಉಪ್ಪಿಟ್ಟು ಕೆದಕಿದೆ. ಒಲೆಗಿಂತ ಹೆಚ್ಚು ನಾನು ಉರಿಯುತ್ತಿದ್ದೆ. ಅಣ್ಣ ಅಷ್ಟು ಹೊತ್ತೂ ನನ್ನ ಪರಿಸಲಿನಲ್ಲಿ ಕಾಲು ಚಾಚಿ ಕೂತಿದ್ದ. ಮರಳಿನ ಮೇಲೆ ಕೂತದ್ದು, ನೀರಿನಲ್ಲಿ ಅಲ್ಲ.

ಬೆಳಿಗ್ಗೆ ಗಾಳಿ ಎದ್ದಿತ್ತು. ಮುಂಗಾರು ಶುರುವಾಗುವ ಹೊತ್ತು, ಅಲೆ ಸೊಂಟದೆತ್ತರ ಬರುತ್ತಿತ್ತು. ನಾನು ಯಾರನ್ನೂ ಕೇಳದೆ ಪರಿಸಲನ್ನು ಉರುಳಿಸಿಕೊಂಡು ನೀರಿಗೆ ಹೊರಟೆ. ಅಣ್ಣ ಓಡಿ ಬಂದ. ಮೈಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್! ಅಳಿಯ ದೋಣಿಯಲ್ಲಿ ಕೂರುವವರಿಗೆ ಅಂತ ತಂದಿದ್ದದ್ದು ಅದೊಂದೇ. ಇವನು ಮರಳಿನ ಮೇಲೆ ನಿಂತು ಹಾಕಿಕೊಂಡಿದ್ದ.

"ಹಗ್ಗ ಕಟ್ಟದೆ ಬಿಡಲ್ಲ."

"ನಾನೇನು ಆಡೇನಣ್ಣ, ಹಗ್ಗ ಕಟ್ಟಿ ಮೇಯಿಸೋಕೆ?"

"ಕಟ್ಟಿಸ್ಕೊಂಡರೆ ಹೋಗು, ಇಲ್ಲದಿದ್ದರೆ ಒಲೆ ಹತ್ರ ಹೋಗು."

ನಾನು ನಮ್ಮವರ ಮುಖ ನೋಡಿದೆ. ಅವರು ಅಲೆ ನೋಡುತ್ತಿದ್ದರು. ಹೋಗದೆ ಇರುವುದಕ್ಕಿಂತ ಕಟ್ಟಿಸಿಕೊಂಡು ಹೋಗುವುದೇ ವಾಸಿ ಅಂತ ಹಲ್ಲು ಕಚ್ಚಿ ಒಪ್ಪಿಕೊಂಡೆ. ಪರಿಸಲಿನ ಅಂಚಿಗೆ ಅದೇ ಪಾವಿನ ಹಗ್ಗ ಕಟ್ಟಿದ. ದಡದಲ್ಲಿ ಐದು ಜನ ಸಾಲಾಗಿ ಹಿಡಿದರು. ಅಣ್ಣ ಮುಂದೆ, ಹಿಂದೆ ನಮ್ಮವರು, ಅತ್ತಿಗೆ, ಅಳಿಯ, ಮಗಳು. ಮಗಳು ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಫೋನು.

ಮೊದಲ ಎರಡು ಅಲೆ ಹತ್ತಿ ಇಳಿದೆ. ನಲವತ್ಮೂರು ವರ್ಷದ ಮೇಲೆ ಕೈಗೆ ಎಲ್ಲ ನೆನಪಿತ್ತು. ಎಡಕ್ಕೊಂದು, ಬಲಕ್ಕೊಂದು. ಮೂರನೆಯದು ದೊಡ್ಡದು. ಪರಿಸಲು ಅದರ ಜೊತೆ ಮೇಲೇಳಬೇಕು, ಎದ್ದರೆ ಏನೂ ಆಗುವುದಿಲ್ಲ. ಏಳಲು ಶುರುವಾಯಿತು, ಹಗ್ಗ ಸೆಟೆದುಕೊಂಡಿತು. "ಬುಡೂ! ಹಗ್ಗ ಬುಡೂ!" ಅಂತ ಕೂಗಿದೆ.

ಆ ತುದಿಯಿಂದ ಕೂಗು ಬಂತಲ್ಲ, ಈ ತುದಿಯವರು ಏನು ಮಾಡುತ್ತಾರೆ? ಜಗ್ಗಿದರು. ಹಿಮ್ಮಡಿ ಊರಿ, ಬೆನ್ನು ಬಾಗಿಸಿ, ಪಾವು ಎಳೆಯುವ ಹಾಗೇ ಜಗ್ಗಿದರು. ದಡದ ಕಡೆಯ ಅಂಚು ಕೆಳಕ್ಕೆ ಬಾಗಿತು, ನೀರು ಧಬಧಬ ಒಳಗೆ ಬಂತು, ಪರಿಸಲು ನನ್ನ ತಲೆಯ ಮೇಲೆ ಟೋಪಿಯ ಹಾಗೆ ಮಗುಚಿಕೊಂಡಿತು. ಬಾಯಿತುಂಬ ಉಪ್ಪು, ಮರಳಿಗೆ ಮಂಡಿ ತರಚಿತು. ಎದ್ದು ನಿಂತರೆ ನೀರು ಎದೆಯವರೆಗೂ ಇರಲಿಲ್ಲ.

ಹಗ್ಗ ಬಿಟ್ಟವನು ಒಬ್ಬನೇ, ಅಳಿಯ. ಅವನು ನೇಕಾರನಲ್ಲ. ಬಿಡು ಅಂದರು, ಬಿಟ್ಟ. ಅಣ್ಣ ಅವನನ್ನು ಬೈಯುತ್ತಿದ್ದ. "ಬಿಟ್ಟುಬಿಟ್ರಲ್ಲ ಅಳಿಯಂದ್ರೆ! ನಾವು ನಾಕು ಜನ ಹಿಡೀದೆ ಇದ್ದಿದ್ರೆ?"

"ಅವರೇ ಬಿಡಿ ಅಂದ್ರಲ್ಲ ಮಾವ."

"ಮುಳುಗೋರು ಸಾವಿರ ಕೂಗ್ತಾರೆ!"

ನಾನು ಕೆಮ್ಮುತ್ತಾ ಮರಳಿನ ಮೇಲೆ ಕೂತಿದ್ದೆ. ಅಣ್ಣ ತೀರ್ಪು ಕೊಟ್ಟ. "ಸಾಕು. ಟೆಂಟು ಬಿಚ್ಚಿ, ಪರಿಸಲು ಕಟ್ಟಿ. ದೇವರು ದೊಡ್ಡವನು, ಹಗ್ಗ ಇದ್ದಿದ್ದಕ್ಕೆ ಬದುಕಿದ್ದಾಳೆ. ಊರಿಗೆ ಹೋಗೋಣ." ನಮ್ಮವರು ಆಗಲೇ ಟೆಂಟಿನ ಗೂಟ ಕೀಳುತ್ತಿದ್ದರು. ಆ ಗೂಟ ಕಿತ್ತುಕೊಂಡು ಅವರಿಗೇ ಎರಡು ಬಿಡಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಅಲ್ಲೇ ಪಕ್ಕದಲ್ಲಿ ಕಡಲ ಪಾಚಿ ಕೀಳುವ ಹೆಂಗಸೊಬ್ಬಳು ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಆ ಕಡೆಯ ಹೆಂಗಸರು ಗಂಡಸರ ಅಂಗಿ ತೊಟ್ಟು, ಕಣ್ಣಿಗೆ ಕನ್ನಡಕ ಕಟ್ಟಿ, ಉಸಿರು ಹಿಡಿದು ಮುಳುಗಿ, ಬಂಡೆಗೆ ಅಂಟಿದ ಪಾಚಿ ಕಿತ್ತು ತರುತ್ತಾರೆ. ನನ್ನ ವಯಸ್ಸೇ ಇರಬೇಕು. ಮೊದಲಿನಿಂದ ಎಲ್ಲ ನೋಡಿದ್ದಳು. ಬಂದು ನನ್ನ ಮಂಡಿ ನೋಡಿ, ತಮಿಳಿನಲ್ಲಿ ಕೇಳಿದಳು.

"ಯಾಕಕ್ಕಾ, ಬಟ್ಟೆ ಒಣಹಾಕೋಕೆ ಕಟ್ಟಿದ್ರಾ ಆ ಹಗ್ಗಾನ?"

"ಯಾಕೆ?"

"ಅಷ್ಟು ಬಿಗಿಯಾಗಿ ಹಿಡಿದರೆ ನಮ್ಮ ಮನೆ ದೋಣೀನೂ ಮುಳುಗುತ್ತೆ. ಅಲೆ ಎತ್ತುವಾಗ ಹಗ್ಗ ಬಿಟ್ಟುಕೊಡಬೇಕು. ನಿನ್ನ ಕೈ ಸರಿಯಾಗೇ ಇತ್ತು." ಆಮೇಲೆ ಕಡಲಿನ ಕಡೆ ಬೆರಳು ಮಾಡಿದಳು. "ಆದರೂ ಈ ಗಾಳಿಗೆ ಈ ಬುಟ್ಟಿ ಇಲ್ಲಿ ಬೇಡ. ಇದು ಗಂಡು ಕಡಲು. ಅತ್ತಲಾಗಿನ ದಡಕ್ಕೆ ಹೋಗು, ಹೆಣ್ಣು ಕಡಲು ಅಂತೀವಿ. ಈ ತಿಂಗಳಲ್ಲಿ ತಟ್ಟೆ ಹಾಗೆ ಬಿದ್ದಿರುತ್ತೆ."

ನನ್ನ ಕೈ ಸರಿಯಾಗೇ ಇತ್ತು! ಎದ್ದು ಸೀದಾ ಅಣ್ಣನ ಹತ್ತಿರ ಹೋದೆ. "ನಾನು ಮುಳುಗಲಿಲ್ಲ. ನೀವು ಮುಳುಗಿಸಿದ್ದು." ಪಾಚಿಯ ಹೆಂಗಸು ಹೇಳಿದ್ದನ್ನು ಹೇಳಿದೆ. ಅವನಿಗೆ ನಗು. "ಹೋಗು ಹಂಗಾದ್ರೆ. ಹೆಣ್ಣು ಕಡಲಲ್ಲಿ ಪುಟ್ಟ ಮಕ್ಕಳ ಹಾಗೆ ಆಡ್ಕೊಂಡು ಬಾ."

ಆ ಹೆಂಗಸು ಬೆಳಗಾದರೆ ಗಂಡು ಕಡಲಿನ ತಳ ಮುಟ್ಟಿ ಬರುವವಳು. ಅವಳು ಅತ್ತ ಹೋಗು ಅಂದದ್ದಕ್ಕೂ ಇವನು ಅತ್ತ ಹೋಗು ಅಂದದ್ದಕ್ಕೂ ಎಷ್ಟು ದೂರ! ನಾನು ಹೋಗಿ ವ್ಯಾನಿನ ಮುಂದಿನ ಸೀಟಿನಲ್ಲಿ ಅಳಿಯನ ಪಕ್ಕ ಕೂತೆ. ಅದು ಅಷ್ಟು ಹೊತ್ತು ಅಣ್ಣನ ಸೀಟು. "ಅತ್ತಲಾಗಿನ ದಡಕ್ಕೆ ಬಿಡಪ್ಪ. ಬರೋರು ಹತ್ತಲಿ, ಬರದೆ ಇರೋರು ಇಲ್ಲೇ ಇರಲಿ." ಪರಿಸಲು ಕಟ್ಟಿ ಎಲ್ಲರೂ ಹತ್ತಿದರು. ಮುಕ್ಕಾಲು ಗಂಟೆಯ ದಾರಿ.

ಆ ದಡ ನಿಜವಾಗಿ ತಟ್ಟೆಯ ಹಾಗಿತ್ತು. ಹಸಿರು ನೀರು, ಅಲೆಯ ಸದ್ದೇ ಇಲ್ಲ. ನಾನು ಪರಿಸಲು ಇಳಿಸಿ ನೀರಿಗೆ ತಳ್ಳುತ್ತಿದ್ದೆ. ತಿರುಗಿ ನೋಡಿದರೆ ಅಣ್ಣ ಜಾಕೆಟ್ ತೊಟ್ಟು, ಒದ್ದೆ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದಾನೆ.

"ಎಲ್ಲಿ, ಅಂಚು ತೋರಿಸು, ಕಟ್ತೀನಿ."

ಆಗ ನನ್ನ ತಲೆಯಲ್ಲಿ ಏನೋ ಹರಿಯಿತು. "ಆವತ್ತು ಹುಟ್ಟು ಕಿತ್ಕೊಂಡು ಅಟ್ಟದ ಮೇಲೆ ಇಟ್ಟೆಯಲ್ಲ, ನೀನಾದರೂ ಒಂದು ದಿನ ಹಾಕಿದೆಯಾ? ಅಜ್ಜನ ಪರಿಸಲನ್ನ ಕೋಳಿಗೆ ಕೊಟ್ಟೆ, ಒಲೆಗೆ ಕೊಟ್ಟೆ, ನನಗೆ ಕೊಡಲಿಲ್ಲ. ಯಾಕೆ? ಇವತ್ತು ಹೇಳು."

ಕಡಲ ದಡದಲ್ಲಿ ಎಲ್ಲರೂ ಕೇಳುವ ಹಾಗೆ ಕೂಗಿದೆ. ಅಣ್ಣ ಸುತ್ತ ನೋಡಿದ. ಅಳಿಯ ಇದ್ದಾನೆ, ಮಗಳು ಇದ್ದಾಳೆ. ತಗ್ಗಿದ ದನಿಯಲ್ಲಿ ಹೇಳಿದ.

"ನನಗೆ ನೀರು ಅಂದರೆ ಭಯ. ಚಿಕ್ಕವನಿದ್ದಾಗಿಂದ. ನೀನು ಆ ದಡಕ್ಕೆ ಹೋದರೆ ಬರೋ ತನಕ ನಾನು ಜಗಲಿ ಬಿಟ್ಟು ಏಳ್ತಿರಲಿಲ್ಲ."

ಇದನ್ನು ಕೇಳಿದರೆ ಮನಸ್ಸು ಕರಗಬೇಕು ಅಂತ ನೀವು ಅಂದುಕೊಳ್ಳಬಹುದು. ಮಗಳು ಆಗಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನ್ನದು ಕರಗಲಿಲ್ಲ. ಇನ್ನೂ ಉರಿಯಿತು.

"ಭಯ ನಿಂದು. ಹಗ್ಗ ಯಾಕೆ ನನಗೆ?"

ಅವನು ಹೆಗಲ ಮೇಲಿನ ಹಗ್ಗ ಸರಿಮಾಡಿಕೊಂಡ, ಇಳಿಸಲಿಲ್ಲ. ನಮ್ಮವರು ಒಂದು ಹೆಜ್ಜೆ ಮುಂದೆ ಬಂದರು. ಸಮಾಧಾನದ ಮಾತು ಆಡಲು ಬಂದರೋ ಏನೋ, ನನ್ನ ಮುಖ ನೋಡಿ ಹಾಗೇ ನಿಂತರು. ಬಂದವಳು ಅತ್ತಿಗೆ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಸೀದಾ ಗಂಡನ ಮುಂದೆ ಹೋಗಿ ಕೈ ಚಾಚಿದಳು.

"ಆ ಜಾಕೀಟು ಇಲ್ಲಿ ಕೊಡ್ರೀ. ದಡದ ಮೇಲೆ ಯಾರೂ ಮುಳುಗಲ್ಲ."

ಅಳಿಯನಿಗೆ ಕೆಮ್ಮು ಬಂತು. ಅಣ್ಣ ಒಂದೊಂದೇ ಪಟ್ಟಿ ಬಿಚ್ಚಿ ಕೊಟ್ಟ. ಅತ್ತಿಗೆ ಅದನ್ನು ತೊಟ್ಟು, ನನ್ನ ಭುಜ ಹಿಡಿದು ಪರಿಸಲಿನೊಳಗೆ ಕೂತಳು. "ನನಗೆ ಈಜು ಬರಲ್ಲ. ಅಲ್ಲಾಡಿಸಬೇಡ" ಅಂದಳು. ನಾನು ತಳ್ಳಿ, ಹತ್ತಿ, ಹುಟ್ಟು ತಗೊಂಡೆ.

ಸಂತೋಷವಾಯಿತಾ ಅಂತ ಆಮೇಲೆ ಮಗಳು ಕೇಳಿದಳು. ಏನು ಹೇಳಲಿ? ನಲವತ್ಮೂರು ವರ್ಷ ಕಾದ ಸುತ್ತು, ಕೋಪದಲ್ಲೇ ಹಾಕಿದೆ. ಎಡಕ್ಕೊಂದು ಹಾಕುವಾಗ ಅಟ್ಟ ಕಂಡಿತು, ಬಲಕ್ಕೊಂದು ಹಾಕುವಾಗ ಒಲೆಯಲ್ಲಿ ಉರಿದ ಬಿದಿರು ಕಂಡಿತು. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಮರಳಿನ ಮೇಲೆ ನಮ್ಮ ಪರಿಸಲಿನ ಗುಂಡು ನೆರಳು ನಮ್ಮ ಜೊತೆಗೇ ಬರುತ್ತಿತ್ತು. ಅತ್ತಿಗೆ ಅದನ್ನೇ ನೋಡುತ್ತಿದ್ದಳು. ನಾನು ಹುಟ್ಟನ್ನು ಎಷ್ಟು ಸಿಟ್ಟಿನಿಂದ ಎಳೆದೆ ಅಂದರೆ ದಡ ಬೇಗನೆ ಸಣ್ಣದಾಗಿಬಿಟ್ಟಿತು. ಆದರೂ ಪರಿಸಲು ಒಂದು ಸಲವೂ ಸುತ್ತಲಿಲ್ಲ, ಗೆರೆ ಎಳೆದ ಹಾಗೆ ನೆಟ್ಟಗೆ ಹೋಯಿತು.

ಕೈ ಸೋತ ಮೇಲೆ ತಿರುಗಿಸಿದೆ. ಅಣ್ಣ ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದು ನಿಂತಿದ್ದ. ಪಂಚೆ ತೊಯ್ದು ಕಾಲಿಗೆ ಅಂಟಿತ್ತು. ಕೈಯಲ್ಲಿ ಹಗ್ಗ, ಅದರ ಈ ತುದಿ ನೀರಿನಲ್ಲಿ ತೇಲುತ್ತಿತ್ತು, ಅದಕ್ಕೆ ಏನೂ ಕಟ್ಟಿರಲಿಲ್ಲ.

"ಅಮ್ಮಣೀ! ಸಾಕು ಬಾ!"

ನಾನು ಅತ್ತಿಗೆಯ ಮುಖ ನೋಡಿದೆ. ಅವಳು ದಡದ ಕಡೆ ಒಂದು ಸಲ ನೋಡಿದಳು, ಜಾಕೆಟ್ಟಿನ ಪಟ್ಟಿ ಬಿಗಿ ಮಾಡಿಕೊಂಡಳು.

"ಕೇಳಿಸಲಿಲ್ಲ ಅಂತ ಹೇಳೋಣ. ಇನ್ನೊಂದು ಸುತ್ತು ಹಾಕು."

ಹಾಕಿದೆ.